ಗುಡ್ಡದ ಮೇಲಿನ ಗೊಗ್ಗರು ದನಿ

ಹ್ಯಾಮ್ ರೇಡಿಯೋ ಹವ್ಯಾಸದ ಬಗ್ಗೆ ಬರೆಯಿರೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಬಹಳ ದಿನಗಳಿಂದ ಕೇಳುತ್ತಿದ್ದಾರೆ. ಬರೆಯುವುದಾದರೆ 1997ರ ಬೇಸಿಗೆಯ ಪ್ರಕರಣವನ್ನೇ ಬರೆಯಬೇಕು. ಅದರಲ್ಲಿ ಭೌತಶಾಸ್ತ್ರವೂ ಇದೆ, ಒಬ್ಬ ಹುಡುಗನ ಮಾನದ ಪ್ರಶ್ನೆಯೂ ಇದೆ.

ಮೊದಲು ರಿಪೀಟರ್ ಎಂದರೇನೆಂದು ಹೇಳಿಬಿಡುತ್ತೇನೆ. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನ ದನಿ ಮನೆ ಮರಗಳನ್ನು ದಾಟಿ ಹೆಚ್ಚು ದೂರ ಹೋಗದು. ಆದ್ದರಿಂದ ಗುಡ್ಡದ ಮೇಲೊಂದು ಯಂತ್ರವನ್ನಿಟ್ಟು, ಅದು ಒಂದು ಕಂಪನಾಂಕದಲ್ಲಿ ಕೇಳಿಸಿಕೊಂಡದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಗಟ್ಟಿಯಾಗಿ ಹೇಳುವಂತೆ ಮಾಡುತ್ತಾರೆ. ನಮ್ಮದು 145.100 ಮೆಗಾಹರ್ಟ್ಸ್‌ನಲ್ಲಿ ಕೇಳಿ 145.700ರಲ್ಲಿ ಹೇಳುತ್ತಿತ್ತು. ಬಾಯಿಗೂ ಕಿವಿಗೂ ಒಂದೇ ಆಂಟೆನಾ. ತನ್ನ ಕೂಗಿಗೆ ತಾನೇ ಕಿವುಡಾಗದಂತೆ ನಡುವೆ ಡ್ಯುಪ್ಲೆಕ್ಸರ್ ಎಂಬ ಲೋಹದ ಕೊಳವೆಗಳ ಸಾಲು.

ಆ ವರ್ಷ ಮಾರ್ಚ್ ತಿಂಗಳಿನಿಂದ ನಮ್ಮ ಮಾತುಕತೆಯ ನಡುವೆ ಯಾರೋ ನುಗ್ಗತೊಡಗಿದರು. ಒಡಕು, ಗೊಗ್ಗರು ದನಿ; ಪದಗಳು ತಿಳಿಯುತ್ತಿರಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಯಾರೋ ಬೇಕೆಂದೇ ದನಿ ಮರೆಸಿ ಮಾತಾಡುತ್ತಿರುವಂತೆ ಕೇಳುತ್ತಿತ್ತು. ಎರಡು ಮೂರು ಸೆಕೆಂಡು ಬಂದು ಮಾಯವಾಗುವುದು, ಮತ್ತೆ ಬರುವುದು. ಬೆಳಗ್ಗೆ ಹತ್ತರ ಹೊತ್ತಿಗೆ ಉಪದ್ರವ ಹೆಚ್ಚು. ಭಾನುವಾರ ಮಾತ್ರ ಪೂರ್ಣ ಶಾಂತಿ.

ಈ ಭಾನುವಾರವೇ ಹುಡುಗನಿಗೆ ಮುಳುವಾಯಿತು. ನನ್ನ ಬಳಿ ಓದಿದವನು, ಆಗತಾನೇ ಪರವಾನಗಿ ಪಡೆದಿದ್ದ. ಮನೆ ಗುಡ್ಡದ ಬುಡದಲ್ಲಿ. ವಾರಕ್ಕೊಮ್ಮೆ, ಭಾನುವಾರ, ಅಜ್ಜಿಯ ಊರಿಗೆ ಹೋಗುತ್ತಿದ್ದ. ಹಿರಿಯ ಸದಸ್ಯರು ಕೆಲವರಿಗೆ ಇಷ್ಟೇ ಸಾಕಾಯಿತು. ಪರವಾನಗಿ ರದ್ದುಪಡಿಸಬೇಕೆಂದು ದೆಹಲಿಗೆ ಕಳುಹಿಸುವ ದೂರಿನ ಕರಡೂ ಸಿದ್ಧವಾಯಿತು. "ಸಾರ್, ನಾನಲ್ಲ ಸಾರ್, ನಮ್ಮಪ್ಪನಿಗೆ ಗೊತ್ತಾದರೆ ಸೆಟ್ಟನ್ನೇ ಬಾವಿಗೆ ಹಾಕುತ್ತಾರೆ" ಎಂದು ಅವನು ಜಗುಲಿಯಲ್ಲಿ ನಿಂತು ಹೇಳಿದಾಗ ನನಗೆ ಅವನ ಮಾತಿನಲ್ಲಿ ಸಂಶಯ ಹುಟ್ಟಲಿಲ್ಲ. ಆದರೆ ನಂಬಿಕೆ ಸಾಕ್ಷಿಯಾಗದು. ಒಂದು ವಾರದ ಅವಕಾಶ ಕೇಳಿದೆ.

ಏಪ್ರಿಲ್ಲಿನಲ್ಲಿ ಒಂದು ಸೋಮವಾರ ಬೆಳಗ್ಗೆ ಅಕಾಲಿಕವಾಗಿ ಮಳೆ ಸುರಿಯಿತು. ಅಂದು ಗೊಗ್ಗರು ದನಿ ಬರಲೇ ಇಲ್ಲ. ಬಿಸಿಲು ಬಿದ್ದು ಒಣಗಿದ ಮೇಲೆ ಮತ್ತೆ ಹಾಜರು. ತುಂಟತನ ಮಾಡುವವನು ಮನೆಯೊಳಗೆ ಕುಳಿತು ಮಳೆಗೇಕೆ ಹೆದರಬೇಕು?

ಮರುದಿನ ಮೂವರು ಗುಡ್ಡ ಹತ್ತಿದೆವು, ಹುಡುಗನೂ ಬಂದ. ನಮ್ಮ ಆಂಟೆನಾದ ಆಸುಪಾಸಿನಲ್ಲಿ ಎರಡು ಖಾಸಗಿ ಸಂಸ್ಥೆಗಳ ವೈರ್‌ಲೆಸ್ ಕಂಬಗಳಿದ್ದವು: ಒಂದು 152.350ರಲ್ಲಿ, ಇನ್ನೊಂದು 159.600ರಲ್ಲಿ. ಮೊದಲನೆಯದನ್ನು ಇಮ್ಮಡಿಸಿ ಎರಡನೆಯದನ್ನು ಕಳೆಯಿರಿ. 304.700ರಿಂದ 159.600 ಕಳೆದರೆ 145.100, ನಮ್ಮ ಯಂತ್ರದ ಕಿವಿಯೇ! ಎರಡೂ ಒಟ್ಟಿಗೆ ಮಾತಾಡಿದ ಕ್ಷಣಗಳಲ್ಲಿ ಮಾತ್ರ ಈ ಮೂರನೆಯ ಸಂತಾನ ಹುಟ್ಟುತ್ತಿತ್ತು. ಕಂಪನಾಂಕ ಇಮ್ಮಡಿಸುವಾಗ ದನಿಯ ಏರಿಳಿತವೂ ಇಮ್ಮಡಿಸಿ, ಮೇಲೆ ಎರಡನೆಯವರ ಮಾತೂ ಬೆರೆತು, ಮಾತು ಒಡೆಯುತ್ತಿತ್ತು. ಭಾನುವಾರ ಎರಡು ಕಚೇರಿಗೂ ರಜೆ.

ಆದರೆ ಬೆರಕೆ ನಡೆಯುತ್ತಿದ್ದುದು ಎಲ್ಲಿ? ನಮ್ಮ ಗ್ರಾಹಕದ ಒಳಗೋ, ಹೊರಗೋ? ಇದಕ್ಕೊಂದು ಸೊಗಸಾದ ಪರೀಕ್ಷೆ ಇದೆ. ಗ್ರಾಹಕಕ್ಕೆ ಹೋಗುವ ತಂತಿಯಲ್ಲಿ 3 ಡೆಸಿಬಲ್ ಕುಗ್ಗಿಸುವ ಸಾಧನವೊಂದನ್ನು ಸೇರಿಸಬೇಕು. ಬೆರಕೆ ಒಳಗೇ ಆಗುತ್ತಿದ್ದರೆ ಉಪದ್ರವ ಮೂರು ಪಟ್ಟು, ಅಂದರೆ 9 ಡೆಸಿಬಲ್, ಇಳಿಯುತ್ತದೆ. ಹೊರಗಿನಿಂದಲೇ ಸಿದ್ಧವಾಗಿ ಬರುತ್ತಿದ್ದರೆ ಮೂರೇ. ನಮ್ಮದು ಮೂರೇ ಇಳಿಯಿತು. ಹೊಸ ಫಿಲ್ಟರಿಗೆ ಚಂದಾ ಎತ್ತಬೇಕೆಂಬ ಸಲಹೆ ಅಲ್ಲಿಗೇ ಬಿದ್ದುಹೋಯಿತು. ನಮ್ಮದೇ ಕಂಪನಾಂಕದಲ್ಲಿ ಬರುವುದನ್ನು ಯಾವ ಫಿಲ್ಟರು ತಡೆದೀತು?

ಹೊರಗೆ ಎಂದರೆ ಎರಡು ಸಾಧ್ಯತೆ. ಒಂದು ಪ್ರೇಷಕದ ಅಲೆ ಇನ್ನೊಂದರ ಆಂಟೆನಾದ ಮೂಲಕ ಒಳಹೊಕ್ಕು ಅದರ ಕೊನೆಯ ಹಂತದಲ್ಲಿ ಬೆರೆಯಬಹುದು. ಬಹುಪಾಲು ಹೀಗೆಯೇ ಆಗುವುದು. ಆಗ ಆ ಪ್ರೇಷಕಕ್ಕೆ ಐಸೊಲೇಟರ್ ಹಾಕಿಸಬೇಕು, ಅದರ ಖರ್ಚಿಗೆ ಸಂಸ್ಥೆಯವರ ಮನವೊಲಿಸಬೇಕು. ಇನ್ನೊಂದು, ತುಕ್ಕು. ಎರಡು ಲೋಹಗಳ ನಡುವಿನ ತುಕ್ಕು ಡಯೋಡಿನಂತೆ ವರ್ತಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ತುಕ್ಕು ಹಿಡಿದ ಕ್ಷೌರದ ಬ್ಲೇಡಿಗೆ ಪೆನ್ಸಿಲ್ಲಿನ ಸೀಸ ತಾಗಿಸಿ ರೇಡಿಯೋ ಕೇಳುತ್ತಿದ್ದುದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆ. ಎಷ್ಟು ಮಂದಿಗೆ ನೆನಪಿದೆಯೋ! ಮಳೆಯ ಸುಳಿವು ತುಕ್ಕಿನ ಕಡೆಗೇ ಕೈ ತೋರುತ್ತಿತ್ತು.

ಹುಡುಗ ಒಂದು ಒಣ ಬಿದಿರುಗಳ ಹಿಡಿದು ಕಂಬ, ಬಿಗಿತಂತಿ, ಬೇಲಿ, ತಗಡು ಎಲ್ಲವನ್ನೂ ಒಂದೊಂದಾಗಿ ಬಡಿಯುತ್ತ ಹೋದ. ನಾನು ಸೆಟ್ಟಿಗೆ ಕಿವಿಯಿಟ್ಟು ಕುಳಿತೆ. ಸುಮಾರು ಒಂದು ಗಂಟೆ ಕಳೆದಿರಬೇಕು. ಕಾವಲುಗಾರನ ಪಾಳುಬಿದ್ದ ಕೊಠಡಿಯ ಸೂರಿನಲ್ಲಿ, ಯಾರೂ ಬಳಸದ ಹಳೆಯ ಟಿ.ವಿ. ಆಂಟೆನಾದ ಕಂಬಕ್ಕೆ ಏಟು ಬಿದ್ದೊಡನೆ ಗೊಗ್ಗರು ದನಿ ತುಂಡು ತುಂಡಾಗಿ ಹೋಯಿತು. ಮತ್ತೆ ಬಡಿದ, ಮತ್ತೆ ತುಂಡಾಯಿತು. ಕಂಬವನ್ನು ಬಿಗಿದಿದ್ದ ಕ್ಲ್ಯಾಂಪು ಕೈಯಲ್ಲಿ ಪುಡಿಯಾಗುವಷ್ಟು ತುಕ್ಕು ಹಿಡಿದಿತ್ತು. ಇಡೀ ಕಂಬವನ್ನೇ ಬಿಚ್ಚಿ ಕೆಳಗಿಳಿಸಿದೆವು. ಉಪದ್ರವ ನಿಂತಿತು.

ದೂರಿನ ಕರಡನ್ನು ಕಾರ್ಯದರ್ಶಿಗಳು ನನ್ನೆದುರೇ ಹರಿದರು. ಹುಡುಗನಲ್ಲಿ ಕ್ಷಮೆ ಕೇಳಿದವರು ಯಾರೂ ಇಲ್ಲ, ಅದು ನನಗೆ ಇಂದಿಗೂ ಸರಿಯೆನಿಸಿಲ್ಲ. ಅವನು ಎರಡು ತಿಂಗಳು ರಿಪೀಟರಿನಲ್ಲಿ ಬಾಯಿ ತೆರೆಯಲಿಲ್ಲ. ಜೂನ್ ಕೊನೆಯಲ್ಲಿ, ಜಡಿಮಳೆಯ ಒಂದು ರಾತ್ರಿ, ಅವನ ಕರೆಸಂಕೇತ ಕೇಳಿಸಿತು. "ಸಾರ್, ಗುಡ್ಡದಲ್ಲಿ ಸಿಡಿಲು ಬಿದ್ದ ಹಾಗಿದೆ, ಯಂತ್ರ ಸರಿಯಿದೆಯೋ ನೋಡೋಣವೆಂದು ಕರೆದೆ" ಎಂದ.