ಮೂರು ಊರು, ಮೂರು ದಿನ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ರೈಲು ಹರಿಹರವನ್ನು ಬಿಟ್ಟು ತುಂಗಭದ್ರೆಯ ಸೇತುವೆಯನ್ನು ದಾಟಿದೊಡನೆ, ಸ್ವಲ್ಪ ಹೊತ್ತಿನಲ್ಲಿಯೇ ಒಂದರ ಹಿಂದೊಂದು ಮೂರು ಊರುಗಳು ಎದುರಾಗುತ್ತವೆ: ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ. ಪ್ರಯಾಣಿಕರಲ್ಲಿ ಅನೇಕರು ಆ ವೇಳೆಗೆ ಹಾಸಿಗೆ ಬಿಡಿಸಿರುತ್ತಾರೆ, ಇಲ್ಲವೆ ಬುತ್ತಿ ಬಿಚ್ಚಿರುತ್ತಾರೆ. ಕಿಟಕಿಯ ಹೊರಗೆ ಕಣ್ಣು ಹಾಯಿಸುವವರು ವಿರಳ.

ಇದೇ ಜನ ನೇಪಲ್ಸಿಗೋ ಬಾರ್ಸಿಲೋನಕ್ಕೋ ಮೂರು ದಿನದ ಮಟ್ಟಿಗೆ ಹೋಗುವುದಾದರೆ ತಿಂಗಳುಗಟ್ಟಲೆ ಸಿದ್ಧತೆ ನಡೆಸುತ್ತಾರೆ. ಯಾವ ತಿಂಗಳು ಹಿತಕರ, ಯಾವ ವಾರ ಸಂತೆ, ಯಾವ ಹೊತ್ತಿನಲ್ಲಿ ಗುಡಿಯ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂಬುದನ್ನೆಲ್ಲ ವಿಚಾರಿಸಿ ಬರೆದಿಟ್ಟುಕೊಳ್ಳುತ್ತಾರೆ. ಅದರಲ್ಲಿ ಅರ್ಧದಷ್ಟು ಶ್ರದ್ಧೆಯನ್ನು ನಮ್ಮ ನಾಡಿನ ಈ ಮೂರು ಊರುಗಳಿಗೆ ತೋರಿಸಿದರೂ ಮೂರು ದಿನಗಳು ಸಾಲದೆನಿಸುವುವು.

ಮೊದಲು ಕಾಲವನ್ನು ಆರಿಸಿಕೊಳ್ಳಬೇಕು. ಇಲ್ಲಿಯೇ ಒಂದು ಇಕ್ಕಟ್ಟು. ಮಹಾನವಮಿಯ ಸುಮಾರಿಗೆ ಬಂದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕವನ್ನು ಕೇಳಬಹುದು. ಗೊರವಪ್ಪನು ಬಿಲ್ಲನ್ನೇರಿ ನುಡಿಯುವ ಒಂದೇ ಒಂದು ವಾಕ್ಯದಲ್ಲಿ ರೈತರು ಮುಂದಿನ ಮಳೆ ಬೆಳೆಗಳ ಭವಿಷ್ಯವನ್ನು ಹುಡುಕುತ್ತಾರೆ. ಆದರೆ ಆಗ ಬ್ಯಾಡಗಿಯ ಪೇಟೆಯಲ್ಲಿ ಹೊಸ ಮೆಣಸಿನಕಾಯಿ ಇರುವುದಿಲ್ಲ. ಮೆಣಸಿನಕಾಯಿಯ ಸುಗ್ಗಿಯನ್ನು ನೋಡಬೇಕೆಂದರೆ ಜನವರಿಯಿಂದ ಮಾರ್ಚಿಯವರೆಗೆ ಬರಬೇಕು. ಆಗ ಕಾರಣಿಕ ತಪ್ಪುತ್ತದೆ. ಮಕ್ಕಳೊಡನೆ ಮೊದಲ ಸಲ ಬರುವವರಿಗೆ ಎರಡನೆಯದೇ ಮೇಲು. ಚಳಿ ಮಿತವಾಗಿರುತ್ತದೆ, ದಾರಿ ಒಣಗಿರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದೊಡ್ಡ ವ್ಯಾಪಾರ ಸೋಮವಾರ ಮತ್ತು ಗುರುವಾರಗಳಂದು ನಡೆಯುವುದರಿಂದ ಭಾನುವಾರ ಬೆಳಿಗ್ಗೆ ಹಾವೇರಿಯಲ್ಲಿ ಇಳಿಯುವಂತೆ ಟಿಕೆಟ್ಟು ಕೊಳ್ಳುವುದು ಜಾಣತನ.

ಭಾನುವಾರದ ಪೂರ್ವಾಹ್ನವನ್ನು ಹಾವೇರಿಯ ಪೂರ್ವದ ಹಳ್ಳಿಗಳಿಗೆ ಮೀಸಲಿಡಬಹುದು. ವರದೆಯು ತುಂಗಭದ್ರೆಯನ್ನು ಸೇರುವೆಡೆಯಲ್ಲಿ ಗಳಗನಾಥವೆಂಬ ಗ್ರಾಮವಿದೆ. ಅಲ್ಲಿನ ಗಳಗೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರಾದ ಅದರ ಅಡಿಪಾಯವು ನೋಡಿದವರನ್ನು ಬೆರಗುಗೊಳಿಸುತ್ತದೆ. ಧಾರಾವಾಹಿ ಕಾದಂಬರಿಗಳನ್ನು ಕಾತರದಿಂದ ಕಾಯುವ ಮನೆಗಳವರಿಗೆ ಈ ಊರು ಇನ್ನೊಂದು ಕಾರಣದಿಂದಲೂ ಪೂಜ್ಯ. ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ‘ಗಳಗನಾಥ’ರೆಂದೇ ಕನ್ನಡಿಗರಿಗೆ ಪರಿಚಿತರು. ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಅವರು ಮನೆಮನೆಯಲ್ಲಿ ಓದುಗರನ್ನು ಸೃಷ್ಟಿಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಹೊಸರಿತ್ತಿಯೂ ಈ ಭಾಗದಲ್ಲಿಯೇ ಇದೆ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹಾದೇವರು 1943ರ ಏಪ್ರಿಲ್ 1ರಂದು ಇಲ್ಲಿಯೇ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಸಂಗಡ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಾತಿಗಳೂ ಪ್ರಾಣವಿತ್ತರು. ಆಗ ಮಹಾದೇವರಿಗೆ ಮೂವತ್ತೆರಡು ತುಂಬಿರಲಿಲ್ಲ.

ಸಂಜೆಗೆ ಹಾವೇರಿಗೆ ಮರಳಿ ಪುರದ ಸಿದ್ಧೇಶ್ವರನ ದರ್ಶನಕ್ಕೆ ಹೋಗಬೇಕು. ಈ ಹೊತ್ತಿಗೂ ಕಾರಣವುಂಟು. ಬಹುತೇಕ ಗುಡಿಗಳು ಪೂರ್ವಕ್ಕೆ ಮುಖ ಮಾಡಿದ್ದರೆ ಈ ಗುಡಿಯ ಮುಖ ಪಶ್ಚಿಮಕ್ಕೆ. ಇಳಿಬಿಸಿಲು ಮುಂಭಾಗದ ಮೇಲೆ ಬಿದ್ದಾಗ ಬಳಪದ ಕಲ್ಲಿನ ಕಂಬಗಳು ಹೊಳೆಯುತ್ತವೆ. ಊರಿನ ಹೆಸರಿಗೆ ಕಂಪು ತಂದ ಏಲಕ್ಕಿ ಹಾರವನ್ನು ಕೊಳ್ಳುವುದಿದ್ದರೆ ಅದಕ್ಕೂ ಇದೇ ಸಮಯ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಹಾವೇರಿಯು, 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿತು.

ಸೋಮವಾರ ಬೆಳಿಗ್ಗೆ ಬ್ಯಾಡಗಿ. ಕರವಸ್ತ್ರವನ್ನು ಮರೆಯಬಾರದು, ಪೇಟೆಯನ್ನು ಸಮೀಪಿಸುತ್ತಿದ್ದಂತೆ ಸೀನು ತಾನೇ ತಾನಾಗಿ ಸ್ವಾಗತಿಸುತ್ತದೆ. ಕಣ್ಣು ಹರಿದಷ್ಟು ದೂರ ಕೆಂಪು ಚೀಲಗಳ ಸಾಲು. ‘ಡಬ್ಬಿ’ ಗಿಡ್ಡ, ದುಂಡು. ‘ಕಡ್ಡಿ’ ನೀಳ, ಮೈಯೆಲ್ಲ ಸುಕ್ಕು. ಎರಡರ ಹಿರಿಮೆಯೂ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಸ್ಪೇನಿನವರು ಪಾಪ್ರಿಕಾ ಎಂಬ ತಮ್ಮ ಮೆಣಸಿನ ಪುಡಿಯನ್ನು ಮೆಚ್ಚುವುದೂ ಇದೇ ಗುಣಕ್ಕಾಗಿ. ಅಮೆರಿಕ ಖಂಡದಿಂದ ಹೊರಟ ಒಂದೇ ಬಳ್ಳಗದ ಬೀಜ ಅತ್ತ ಮೆಡಿಟರೇನಿಯನ್ ತೀರದಲ್ಲಿಯೂ ಇತ್ತ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ನೆಲದಲ್ಲಿಯೂ ಬೇರೂರಿತು. ಬ್ಯಾಡಗಿಯ ಕಾಯಿಯಿಂದ ತೆಗೆದ ರಸಸಾರವು ಆಹಾರಕ್ಕೂ ತುಟಿಯ ರಂಗಿಗೂ ಬಣ್ಣವೀಯುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಆದರೆ ಈ ಕೆಂಪಿನ ಹಿಂದೆ ಬೆವರಿದೆ, ಆತಂಕವಿದೆ. ನೆಲದ ಮೇಲೆ ಕುಳಿತು ದಿನವಿಡೀ ತೊಟ್ಟು ಬಿಡಿಸುವ ಹೆಂಗಸರ ಬೆರಳುಗಳು ಉರಿಯುತ್ತಲೇ ಇರುತ್ತವೆ. ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದ ರೈತನ ಕಣ್ಣು ದರದ ಪಟ್ಟಿಯ ಮೇಲಿರುತ್ತದೆ. 2024ರ ಮಾರ್ಚ್ 11ರಂದು ಬೆಲೆ ಹಠಾತ್ತನೆ ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ರೋಷ ಭುಗಿಲೆದ್ದು ವಾಹನಗಳು ಸುಟ್ಟುಹೋದವು. ಆದುದರಿಂದ ಇಲ್ಲಿ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳುವುದು, ದಾರಿಗೆ ಅಡ್ಡ ನಿಲ್ಲದಿರುವುದು ಪ್ರವಾಸಿಗಳಿಗೆ ಶೋಭೆ. ಹಬ್ಬದಂತೆ ಕಂಡರೂ ಅದು ಕೆಲವರ ಬಾಳಿನ ಲೆಕ್ಕ ತೀರುವ ದಿನ.

ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಊಟ ಮುಗಿಸಿ ಬ್ಯಾಡಗಿ ತಾಲ್ಲೂಕಿನದೇ ಆದ ಕಾಗಿನೆಲೆಗೆ ಹೊರಡಬಹುದು. ಕನಕದಾಸರ ಕೀರ್ತನೆಗಳ ಕೊನೆಯಲ್ಲಿ ಬರುವ ಆದಿಕೇಶವನ ಸನ್ನಿಧಿ ಇದು. ಹಾಡನ್ನು ಬಲ್ಲ ಅಜ್ಜಿಯೊಬ್ಬರು ಜೊತೆಗಿದ್ದರೆ ಮಾರ್ಗದರ್ಶಕರ ಅಗತ್ಯವಿಲ್ಲ. ರಾತ್ರಿಯ ವಸತಿ ರಾಣೆಬೆನ್ನೂರಿನಲ್ಲಿ.

ಮಂಗಳವಾರ ನಸುಕಿನಲ್ಲಿಯೇ ಏಳಬೇಕು. ರಾಣೆಬೆನ್ನೂರಿನ ವನ್ಯಧಾಮವು 119 ಚದರ ಕಿಲೋಮೀಟರ್ ವಿಸ್ತಾರವಾದುದು. 1974ರಲ್ಲಿ ಕೃಷ್ಣಮೃಗಗಳ ರಕ್ಷಣೆಗೆಂದು ಸ್ಥಾಪಿತವಾಯಿತು. ಬಿಸಿಲೇರುವ ಮುನ್ನ ಹೋದರೆ ತಿರುಚಿದ ಕೋಡಿನ ಕಪ್ಪು ಗಂಡುಗಳೂ ಕಂದು ಬಣ್ಣದ ಹೆಣ್ಣುಗಳೂ ಹಿಂಡುಹಿಂಡಾಗಿ ಮೇಯುವುದನ್ನು ಕಾಣಬಹುದು. ಮೊದಲಿಗೆ ಒಂದು ನೆಗೆದರೆ ಸಾಕು, ಹಿಂಡೆಲ್ಲ ಗಾಳಿಗೇರಿದಂತೆ ಹಾರುತ್ತದೆ.

ಇಲ್ಲಿ ಕಾಣಿಸದ ಒಂದು ಜೀವಿಯನ್ನೂ ಮಕ್ಕಳಿಗೆ ಹೇಳಬೇಕು. ಒಂದಾನೊಂದು ಕಾಲದಲ್ಲಿ ಈ ಬಯಲಿನಲ್ಲಿ ಎರೆಭೂತವೆಂಬ ಎತ್ತರದ ಹಕ್ಕಿ ಗಂಭೀರವಾಗಿ ಅಡ್ಡಾಡುತ್ತಿತ್ತು. ಅದಕ್ಕೆ ಬೇಕಾದದ್ದು ಬಿಚ್ಚು ಹುಲ್ಲುಗಾವಲು. ಬರಿಯ ಹುಲ್ಲೆಂದರೆ ಬಂಜರೆಂದು ಬಗೆದ ಮನುಷ್ಯ ಅಲ್ಲಿ ನೀಲಗಿರಿಯ ಮರಗಳನ್ನು ನೆಟ್ಟ. ನೆಡುವಾಗ ಅವನ ಉದ್ದೇಶ ಕೆಟ್ಟದಾಗಿರಲಿಲ್ಲ. ಹುಲ್ಲುಗಾವಲು ಕುಗ್ಗಿತು, ಇಂದು ರಾಣೆಬೆನ್ನೂರಿನಲ್ಲಿ ಆ ಹಕ್ಕಿ ಇಲ್ಲ. ಕೃಷ್ಣಮೃಗ ಉಳಿಯಿತು, ಅದರ ನೆರೆಯವನು ಹೋದ.

ಹಿಂದಿರುಗುವ ರೈಲಿಗೆ ವೇಳೆಯಿದ್ದರೆ ತುಂಗಭದ್ರೆಯ ದಡದ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರನ ಗುಡಿಯ ನೆರಳಿನಲ್ಲಿ ಒಂದು ಗಳಿಗೆ ಕುಳಿತುಕೊಳ್ಳಬಹುದು. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು ಅದು. ನದಿ ಅಲ್ಲಿ ಅವಸರವಿಲ್ಲದೆ ಹರಿಯುತ್ತದೆ.

ಮೂರು ದಿನದ ಕೊನೆಗೆ ಮನೆ ಸೇರುವ ಚೀಲದಲ್ಲಿ ಒಂದು ಏಲಕ್ಕಿ ಹಾರ, ಎರಡು ಸೇರು ಮೆಣಸಿನಕಾಯಿ ಇರುತ್ತವೆ. ಸಾರಿಗೆ ಬಣ್ಣ ಬಂದಾಗಲೆಲ್ಲ ತೊಟ್ಟು ಬಿಡಿಸಿದ ಕೈಗಳ ನೆನಪಾದರೆ, ಮುಂದಿನ ಸಲ ರೈಲು ಆ ಮೂರು ನಿಲ್ದಾಣಗಳನ್ನು ದಾಟುವಾಗ ಮಕ್ಕಳು ಕಿಟಕಿಯ ಬಳಿಗೆ ಓಡಿದರೆ, ಪ್ರವಾಸ ಸಾರ್ಥಕವಾಯಿತೆಂದೇ ತಿಳಿಯಬೇಕು.