ಗಾಡಿ ತನ್ನದು, ರಸ್ತೆ ಎಲ್ಲರದು

ಮನೆ ಕಟ್ಟಿಸಿದವನು ಜಗಲಿಯ ಕಂಬಕ್ಕೆ ಹಸಿರು ಬಳಿಯಲಿ, ಹಳದಿ ಬಳಿಯಲಿ, ಕೇಳುವವರಿಲ್ಲ. ಹೊಲಿಸಿಕೊಂಡ ಅಂಗಿಗೆ ಎರಡು ಜೇಬು ಇಡಿಸಲಿ, ನಾಲ್ಕು ಇಡಿಸಲಿ, ಅದು ಅವನಿಗೂ ದರ್ಜಿಗೂ ಸೇರಿದ ವಿಷಯ. ಆದರೆ ಅದೇ ಮನುಷ್ಯನು ತನ್ನ ಕಾರಿಗೆ ಬಗೆಬಗೆಯಾಗಿ ಕೂಗುವ ಹಾರನ್ನನ್ನೋ, ಗಾಜಿಗೆ ಕಪ್ಪು ಹಾಳೆಯನ್ನೋ, ಮೂತಿಗೆ ಕಬ್ಬಿಣದ ಕಂಬಿಯನ್ನೋ ಹಾಕಿಸಿಕೊಂಡು ಬೀದಿಗಿಳಿದನೆಂದರೆ ಸಾಕು, ಮೊದಲನೆಯ ವೃತ್ತದಲ್ಲಿಯೇ ಪೋಲೀಸಿನವರ ಕೈ ಮೇಲೇಳುತ್ತದೆ. "ದುಡ್ಡು ನನ್ನದು, ಗಾಡಿ ನನ್ನದು, ಇದರಲ್ಲಿ ಇವರ ಗಂಟೇನು ಹೋಯಿತು?" ಎಂಬ ಪ್ರಶ್ನೆ ಆ ಕ್ಷಣದಲ್ಲಿ ಪ್ರತಿಯೊಬ್ಬ ಮಾಲಿಕನ ನಾಲಿಗೆಯ ತುದಿಗೂ ಬರುತ್ತದೆ.

ಪ್ರಶ್ನೆಯೇನೋ ಸಹಜವಾದದ್ದೇ. ಆದರೆ ಜಗಲಿಯ ಕಂಬ ನೆಟ್ಟಲ್ಲಿಯೇ ನಿಂತಿರುತ್ತದೆ; ಕಾರು ಗುರುತಿಲ್ಲದ ಜನರ ನಡುವೆ ಓಡುತ್ತದೆ. ಶಾಲೆಗೆ ಹೊರಟ ಮಗು, ಸಂತೆಯಿಂದ ಮರಳುವ ಮುದುಕಿ, ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿದವನು, ಇವರೆಲ್ಲ ಆ ಗಾಡಿಯನ್ನು ಕೊಂಡವರಲ್ಲ. ಆದರೂ ಅದರ ಗುಣದೋಷಗಳಲ್ಲಿ ಅವರಿಗೂ ಒಂದು ಪಾಲುಂಟು. ಕಾಯಿದೆಯು ಮಾಲಿಕನ ಇಚ್ಛೆಗೆ ಎಲ್ಲೆ ಕಟ್ಟಿರುವುದು ಈ ಪಾಲುದಾರರ ಪರವಾಗಿ.

1939ರ ಮೋಟಾರು ವಾಹನಗಳ ಕಾಯಿದೆಯ ಸ್ಥಾನದಲ್ಲಿ ಬಂದ 1988ರ ಕಾಯಿದೆಯು 1989ರ ಜುಲೈ 1ರಿಂದ ಜಾರಿಯಲ್ಲಿದೆ. ತಯಾರಕನು ಮೊದಲಿಗೆ ಗೊತ್ತುಮಾಡಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲವೆಂಬುದು ಅದರ 52ನೆಯ ಕಲಮಿನ ತಿರುಳು. 2019ರ ಜನವರಿ 9ರಂದು, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನೇ ಒತ್ತಿ ಹೇಳಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿಯಾಗಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ಜುಲ್ಮಾನೆ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಎಂದು ಗೊತ್ತಾಯಿತು.

ಈ ನಿರ್ಬಂಧಗಳ ಹಿಂದೆ ಕಾರಣಗಳಿಲ್ಲದಿಲ್ಲ. ಮುಂದಿನ ಮತ್ತು ಹಿಂದಿನ ಗಾಜುಗಳಲ್ಲಿ ನೂರಕ್ಕೆ 70 ಪಾಲು, ಪಕ್ಕದ ಗಾಜುಗಳಲ್ಲಿ 50 ಪಾಲು ಬೆಳಕು ಹಾಯಬೇಕೆಂದು ನಿಯಮ. ಕಪ್ಪು ಗಾಜಿನ ಮರೆಯಲ್ಲಿ ಅಪರಾಧಗಳು ನಡೆಯುತ್ತವೆಂಬ ಅಹವಾಲನ್ನು ಆಲಿಸಿ, 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು ಗಾಜಿಗೆ ಹಾಳೆ ಅಂಟಿಸುವುದನ್ನೇ ನಿಷೇಧಿಸಿತು. ಮೂತಿಯ ಮುಂದೆ ಕಟ್ಟುವ ಕಬ್ಬಿಣದ ಕಂಬಿಯನ್ನು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ತಡೆಯಹೇಳಿತು. ಡಿಕ್ಕಿಯಾದಾಗ ಗಾಡಿಯ ಮುಂಭಾಗ ಕುಗ್ಗಿ ಪೆಟ್ಟನ್ನು ನುಂಗಬೇಕು. ಕಂಬಿಯಿದ್ದರೆ ಪೆಟ್ಟು ನೇರವಾಗಿ ಚಾಸಿಗೆ ಸಾಗುತ್ತದೆ, ಒಳಗಿನ ಗಾಳಿಚೀಲ ಅರಳಬೇಕಾದ ಗಳಿಗೆ ತಪ್ಪಬಹುದು, ಎದುರಿಗೆ ಸಿಕ್ಕ ಪಾದಚಾರಿಯ ಪಾಡಂತೂ ಹೇಳತೀರದು. ಮೋಟಾರು ಸೈಕಲ್ಲಿನ ಸೈಲೆನ್ಸರನ್ನು ಬದಲಿಸಿ ಊರಿನ ನಿದ್ದೆ ಕೆಡಿಸುವ ತರುಣರ ಕಥೆ ಎಲ್ಲರಿಗೂ ತಿಳಿದದ್ದು. ಕರ್ನಾಟಕದ ಹಲವು ಊರುಗಳಲ್ಲಿ ಪೋಲೀಸಿನವರು ಅಂಥ ಸೈಲೆನ್ಸರುಗಳನ್ನು ರಾಶಿಹಾಕಿ ರೋಡ್ ರೋಲರಿನಡಿ ಅಪ್ಪಚ್ಚಿ ಮಾಡಿಸಿದ್ದಾರೆ. ನೋಡಿದ ಜನ ಚಪ್ಪಾಳೆ ತಟ್ಟಿದ್ದಾರೆ.

ಹೀಗೆ ದಿನವೆಲ್ಲ ಷೋಕಿಯ ಗಾಡಿಗಳನ್ನೇ ಕಂಡ ಕಣ್ಣಿಗೆ ಮಾರ್ಪಾಡೆಂದರೆಲ್ಲ ಷೋಕಿಯೇ ಆಗಿಬಿಡುವುದು ಅಚ್ಚರಿಯಲ್ಲ. ಬಿಸಿಲಿನಲ್ಲಿ ನಿಂತು, ಹೊಗೆ ಕುಡಿದು, ಕಂಡಕಂಡವರ ವಾದ ಕೇಳಿ ಬೇಸತ್ತ ಸಬ್ ಇನ್ಸ್‌ಪೆಕ್ಟರಿಗೆ, ಒಂದು ಬದಲಾವಣೆ ಆಟಿಕೆಯೋ ಊರುಗೋಲೋ ಎಂದು ಬೇರ್ಪಡಿಸಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಆ ವ್ಯವಧಾನ ಇಲ್ಲದಿದ್ದರೆ ಏನಾದೀತೆಂಬುದಕ್ಕೆ ತಿಪಟೂರಿನ ಕಡೆಯ ಒಬ್ಬ ಉಪಾಧ್ಯಾಯಿನಿಯ ಅನುಭವವೇ ಸಾಕು.

ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೋ ತಗುಲಿ ಅವರ ಎಡಗಾಲು ಸೊರಗಿತು. ಭಾರತದಲ್ಲಿ ಸಹಜ ಪೋಲಿಯೋ ವೈರಸ್ಸಿನ ಕಡೆಯ ಪ್ರಕರಣ ಕಂಡದ್ದು 2011ರಲ್ಲಿ. ರೋಗವೇನೋ ದೇಶ ಬಿಟ್ಟಿತು. ಅದು ಹಿಂದೆ ಬಿಟ್ಟುಹೋದ ಕಾಲುಗಳು ಇಲ್ಲಿಯೇ ಉಳಿದಿವೆ. ತೆಂಗಿನ ತೋಟಗಳ ನಡುವೆ ಅರಸೀಕೆರೆಯ ಕಡೆಗೆ ಸಾಗುವ ದಾರಿಯಲ್ಲಿ ಅವರ ಶಾಲೆ. ಹನ್ನೊಂದು ವರ್ಷ ಬಸ್ಸಿನಲ್ಲಿಯೇ ಓಡಾಡಿದರು. ಬಸ್ಸಿನ ಮೊದಲನೆಯ ಮೆಟ್ಟಿಲು ಅವರ ಪಾಲಿಗೆ ನಿತ್ಯದ ಪರೀಕ್ಷೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ, ಹಿಂದಿನಿಂದ "ಬೇಗ ಹತ್ತಮ್ಮಾ" ಎಂಬ ಕೂಗು. ಕೊನೆಗೆ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಸಣ್ಣ ಕಾರು ಕೊಂಡರು. ಕ್ಲಚ್ಚಿಲ್ಲದ ಗಾಡಿಯಾಗಿದ್ದರೆ ಎಡಗಾಲಿನ ಕೆಲಸವೇ ಇರುತ್ತಿರಲಿಲ್ಲ. ಆದರೆ ಅದರ ಬೆಲೆ ಅವರ ಕೈಗೆಟುಕುವಂತಿರಲಿಲ್ಲ.

ಊರಿನ ಒಬ್ಬ ಮೆಕ್ಯಾನಿಕ್ಕು ಗೇರ್ ಕೋಲಿನ ಪಕ್ಕದಲ್ಲಿ ಒಂದು ಹಿಡಿಯನ್ನು ಕೂಡಿಸಿ, ಅದರಿಂದ ಗಟ್ಟಿಯಾದ ಕೇಬಲ್ಲೊಂದನ್ನು ಕ್ಲಚ್ಚಿಗೆ ಎಳೆದುಕೊಟ್ಟನು. ಹಿಡಿಯನ್ನು ಅದುಮಿದರೆ ಕ್ಲಚ್ಚು ಬಿಡುತ್ತದೆ, ಸಡಿಲಿಸಿದರೆ ಹಿಡಿಯುತ್ತದೆ. ಕೆಳಗಿನ ಪೆಡಲು ಇದ್ದಂತೆಯೇ ಇದೆ, ಬ್ರೇಕನ್ನು ಮುಟ್ಟಿಲ್ಲ. ಕೆಲಸ ಮುಗಿದಾಗ ಮೆಕ್ಯಾನಿಕ್ಕು, "ಇಷ್ಟಕ್ಕೆಲ್ಲ ಕಾಗದ ಪತ್ರ ಯಾಕಮ್ಮಾ? ಯಾರು ಬಗ್ಗಿ ನೋಡುತ್ತಾರೆ?" ಎಂದನು. ಉಪಾಧ್ಯಾಯಿನಿಯ ತಂದೆ ನ್ಯಾಯಾಲಯದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರು ನಕ್ಕು, "ಯಾರೂ ನೋಡದ ದಿನಕ್ಕೆ ಕಾಗದ ಬೇಡ ಮಗು, ನೋಡುವ ಒಂದು ದಿನಕ್ಕೆ ಬೇಕು" ಎಂದರು.

ಕಾಯಿದೆಯ ಬಾಗಿಲು ಇಂಥವರಿಗೆ ಮುಚ್ಚಿಲ್ಲ. ಅಂಗವೈಕಲ್ಯವುಳ್ಳವರ ಬಳಕೆಗಾಗಿ ಮಾರ್ಪಡಿಸಿದ ವಾಹನಕ್ಕೆ 2019ರ ತಿದ್ದುಪಡಿಯು ಪ್ರತ್ಯೇಕ ಹೆಸರನ್ನೂ ಅರ್ಥವನ್ನೂ ಕೊಟ್ಟಿದೆ. ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಅದನ್ನು ದಾಖಲೆಗೆ ಸೇರಿಸಿಕೊಳ್ಳಬಹುದು. ಅದರಂತೆ ಅವರು ಸಾರಿಗೆ ಕಛೇರಿಗೆ ಮೂರು ಬಾರಿ ಅಲೆದರು. ವೈದ್ಯರ ಪ್ರಮಾಣ ಪತ್ರ ಕೊಟ್ಟರು. ಮೋಟಾರು ವಾಹನ ಇನ್ಸ್‌ಪೆಕ್ಟರು ಹಿಡಿಯನ್ನು ಎಳೆದು ನೋಡಿದರು, ಅವರನ್ನೇ ಕೂಡಿಸಿ ಓಡಿಸಿ ನೋಡಿದರು. ನೋಂದಣಿ ಪತ್ರದಲ್ಲಿ ಮಾರ್ಪಾಡು ದಾಖಲಾಯಿತು; ಚಾಲನಾ ಪರವಾನಗಿಯಲ್ಲಿಯೂ ಆ ಬಗೆಯ ವಾಹನವೆಂದು ನಮೂದಾಯಿತು; ವಿಮೆಯವರಿಗೂ ಬರೆದು ತಿಳಿಸಿದ್ದಾಯಿತು.

ನೋಡುವ ದಿನ ಬಂದೇ ಬಂತು. ಹತ್ತನೆಯ ತರಗತಿಯ ಪರೀಕ್ಷೆಯ ಬೆಳಗ್ಗೆ, ಕೊಠಡಿಯ ಮೇಲ್ವಿಚಾರಣೆಗೆಂದು ಹೊರಟಿದ್ದವರನ್ನು ಊರಿನ ಹೊರಗೆ ತಡೆದರು. ಎದುರಿಗೆ ಆಗಲೇ ಎರಡು ಜೀಪುಗಳನ್ನು ನಿಲ್ಲಿಸಿಕೊಂಡು ವಾಗ್ವಾದ ನಡೆದಿತ್ತು. ಕಾನ್‌ಸ್ಟೇಬಲನು ಕಿಟಕಿಯೊಳಗೆ ಬಗ್ಗಿ ಹಿಡಿಯನ್ನು ಕಂಡು ಸಬ್ ಇನ್ಸ್‌ಪೆಕ್ಟರನ್ನು ಕರೆದನು.

"ಇದೇನು ಮೇಡಂ? ಕಂಪೆನಿಯವರು ಕೊಟ್ಟದ್ದಲ್ಲ. ಮಾರ್ಪಾಡು ಮಾಡಬಾರದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಐದು ಸಾವಿರ ಆಗುತ್ತದೆ. ಗಾಡಿ ಇಲ್ಲಿರಲಿ, ನೀವು ಬಸ್ಸಿನಲ್ಲಿ ಹೋಗಿ."

ಆತನ ಮಾತಿನಲ್ಲಿ ಅರ್ಧ ನಿಜವಿತ್ತು. ಜಗಳಕ್ಕೆ ಬೀಜವಾಗುವುದು ಯಾವಾಗಲೂ ಅರ್ಧ ನಿಜವೇ. ಐದು ಸಾವಿರದ ಮಾತಿಗಿಂತ ಬಸ್ಸಿನ ಮಾತು ಆ ತಾಯಿಗೆ ಹೆಚ್ಚು ನಾಟಿತು. ಅವರು ದನಿಯೆತ್ತಲಿಲ್ಲ. ಬಾಗಿಲು ತೆರೆದು, ಕೋಲನ್ನೂರಿ, ಮೆಲ್ಲನೆ ಇಳಿದು ನಿಂತರು. ಸಬ್ ಇನ್ಸ್‌ಪೆಕ್ಟರ ಕಣ್ಣು ಕೋಲಿನ ಮೇಲೆ ಬಿತ್ತು; ಮುಖದ ಬಿಗುವು ಒಂದಿಷ್ಟು ಸಡಿಲಿತು.

"ಸರ್, ಈ ಹಿಡಿ ನನ್ನ ಎಡಗಾಲು. ನೋಂದಣಿ ಪತ್ರದಲ್ಲಿ ಬರೆದಿದೆ, ದಯವಿಟ್ಟು ನೋಡಿ" ಎಂದು ಕಾಗದಗಳನ್ನು ನೀಡಿದರು.

ಆತ ಓದಿದರು. ಎರಡನೆಯ ಸಲವೂ ಓದಿದರು. ಆಮೇಲೆ ಸ್ವತಃ ಹಿಡಿಯನ್ನು ಅದುಮಿ ನೋಡಿ, "ಅಲ್ಲ ಮೇಡಂ, ದಾರಿಯಲ್ಲಿ ಈ ಕೇಬಲ್ ತುಂಡಾದರೆ?" ಎಂದು ಕೇಳಿದರು.

"ಬ್ರೇಕು ಬಲಗಾಲಿನಲ್ಲಿದೆ ಸರ್. ಬ್ರೇಕು ಒತ್ತಿದರೆ ಎಂಜಿನ್ನು ಆರುತ್ತದೆ, ಗಾಡಿ ನಿಲ್ಲುತ್ತದೆ. ಪೆಡಲು ಹಾಗೆಯೇ ಇರುವುದರಿಂದ ಬೇರೆ ಯಾರಾದರೂ ಕಾಲಿನಿಂದಲೇ ಮನೆಗೆ ತಲುಪಿಸಬಹುದು."

"ಇದನ್ನೆಲ್ಲ ಮೊದಲೇ ತೋರಿಸಬಾರದಾಗಿತ್ತೇ?"

"ತಾವು ಮೊದಲು ಕೇಳಿದ್ದು ಜುಲ್ಮಾನೆ ಸರ್; ಕಾಗದವನ್ನಲ್ಲ."

ಕಾನ್‌ಸ್ಟೇಬಲನು ನಗು ತಡೆಯಲಾರದೆ ಅತ್ತ ತಿರುಗಿದನು. ಸಬ್ ಇನ್ಸ್‌ಪೆಕ್ಟರೂ ನಕ್ಕು, ಅಡ್ಡ ನಿಂತಿದ್ದ ಜೀಪನ್ನು ತಾವೇ ಸರಿಸಿಸಿ ದಾರಿಮಾಡಿಕೊಟ್ಟರು. ಪರೀಕ್ಷೆಯ ಮೊದಲನೆಯ ಗಂಟೆ ಹೊಡೆಯುವ ಹೊತ್ತಿಗೆ ಉಪಾಧ್ಯಾಯಿನಿ ಕೊಠಡಿಯಲ್ಲಿದ್ದರು.

ಕಾಗದವಿಲ್ಲದಿದ್ದರೆ ಈ ಪ್ರಸಂಗ ಹೀಗೆ ಮುಗಿಯುತ್ತಿತ್ತೆಂದು ಹೇಳಲಾಗದು. ಆಗಲೂ ಗಾಡಿ ಅದೇ, ಹಿಡಿ ಅದೇ, ಕಾಲು ಅದೇ. ಆದರೆ ರಸ್ತೆಯ ಮೇಲೆ ನಿಂತ ಅಧಿಕಾರಿಗೆ ಅದರ ಅರ್ಥ ಹೇಳುವವರು ಯಾರೂ ಇರುತ್ತಿರಲಿಲ್ಲ. ಇನ್ಸ್‌ಪೆಕ್ಟರೊಬ್ಬರು ಎಳೆದು ನೋಡಿ, ಓಡಿಸಿ ನೋಡಿ, ಇದು ಅಪಾಯವಲ್ಲವೆಂದು ಬರೆದ ಒಂದು ಸಾಲು, ಮಾಲಿಕನ ನೂರು ಆಣೆಗಳಿಗಿಂತ ಮೇಲು. ಮಾಲಿಕನ ಮಾತು ಅವನ ನಂಬಿಕೆ. ಆ ಸಾಲು ಮೂರನೆಯವನೊಬ್ಬನ ಪರೀಕ್ಷೆ.

ಪೋಲೀಸಿನವರೂ ಒಂದು ಭೇದವನ್ನು ಮರೆಯಬಾರದು. ಗಾಡಿಯಲ್ಲಿ ಬದಲಾವಣೆಯಿದೆ ಎಂದು ಕಾಣುವುದು ಬೇರೆ, ಅದು ಓಡಲು ಅಯೋಗ್ಯವೆಂದು ತೀರ್ಮಾನಿಸುವುದು ಬೇರೆ. ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ಪರೀಕ್ಷೆ ಬೇಕು. ಕಾಯಿದೆಯ 53ನೆಯ ಕಲಮಿನಂತೆ, ಅಪಾಯಕರವೆಂದು ಕಂಡ ವಾಹನದ ನೋಂದಣಿಯನ್ನು ಅಮಾನತಿನಲ್ಲಿಡುವ ಮೊದಲು ಮಾಲಿಕನಿಗೆ ನೋಟೀಸು ಕೊಟ್ಟು ಅವನ ಮಾತನ್ನೂ ಆಲಿಸಬೇಕು. ಗಾಜಿನ ಮಾತು ಬಂದಾಗಲೂ ಅಷ್ಟೆ: ನೂರಕ್ಕೆ 50 ಪಾಲು ಬೆಳಕೋ 49 ಪಾಲೋ ಎಂಬುದನ್ನು ಹೇಳಬೇಕಾದುದು ಉಪಕರಣ, ಹುಬ್ಬುಗಂಟಲ್ಲ. ಈ ನಿಯಮವೂ ನಿಂತ ನೀರಲ್ಲ. 2021ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯನ್ನು ಆಧರಿಸಿ, ಬೆಳಕಿನ ಪ್ರಮಾಣಕ್ಕೆ ಭಂಗವಿಲ್ಲದ ಹಾಳೆಯನ್ನು ಅಂಟಿಸಬಹುದೆಂದು ಕೇರಳದ ಉಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿತು. ಹತ್ತು ವರ್ಷದ ಹಿಂದೆ ಕಲಿತ ಪಾಠವನ್ನೇ ಇಬ್ಬರೂ ಒಪ್ಪಿಸುತ್ತ ನಿಂತರೆ ಜಗಳ ಹರಿಯುವುದೆಂತು?

ಮಾಲಿಕನಿಗಾದರೂ ಮಾರ್ಗ ಸರಳವಾಗಿದೆ. ಪಾನಾ ಹಿಡಿಯುವ ಮೊದಲು ಲೇಖನಿ ಹಿಡಿಯಬೇಕು. ಈ ಬದಲಾವಣೆಗೆ ಒಪ್ಪಿಗೆಯುಂಟೇ ಎಂದು ನೋಂದಣಿ ಕಛೇರಿಯಲ್ಲಿ ವಿಚಾರಿಸಬೇಕು. ದಾರಿಯಲ್ಲಿ ತಡೆದಾಗ ಯಾವ ಕಲಮಿನಡಿ ತಪ್ಪೆಂದು ವಿನಯದಿಂದ ಕೇಳಬಹುದು. ದಾಖಲೆಯನ್ನು ವಶಕ್ಕೆ ತೆಗೆದುಕೊಂಡರೆ ಅದಕ್ಕೆ ರಸೀತಿ ಪಡೆಯುವುದು ಅವನ ಹಕ್ಕು. ಜುಲ್ಮಾನೆ ಅನ್ಯಾಯವೆಂದು ತೋರಿದರೆ ಅಲ್ಲಿಯೇ ತೆರಬೇಕೆಂಬ ಕಡ್ಡಾಯವಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೊಳ್ಳಲು ಅವಕಾಶವಿದೆ. ಬೀದಿಯ ನಡುವೆ ಗೆದ್ದ ವಾದಕ್ಕೆ ತೀರ್ಪು ಬರೆಯುವವರಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ರಸ್ತೆಯೆಂಬುದು ಊರ ಬಾವಿಯಂತೆ. ಕೊಡ ಅವರವರದು, ತಾಮ್ರದ್ದೋ ಮಣ್ಣಿನದೋ, ಅವರವರ ಶಕ್ತಿ. ಕೈ ಸೋತವರು ಹಗ್ಗಕ್ಕೆ ಒಂದು ರಾಟೆ ಕಟ್ಟಿಕೊಂಡರೆ ಯಾರೂ ಬೇಡವೆನ್ನಬಾರದು. ಆದರೆ ಕಟ್ಟಿದ ರಾಟೆ ಕಳಚಿ ಬಾವಿಯೊಳಗೆ ಬೀಳದಷ್ಟು ಗಟ್ಟಿಯಾಗಿದೆಯೇ ಎಂದು ಊರಿನವರು ಒಮ್ಮೆ ಅಲುಗಿಸಿ ನೋಡಿದರೆ, ಅದಕ್ಕೆ ಕಟ್ಟಿದವರೂ ಬೇಸರಪಡಬಾರದು.