ಬೋಳಾರದ ಹೆಂಚಿನ ಮನೆಗೆ ಬಂದ ಡ್ರಮ್ ಸೆಟ್

ಮಂಗಳೂರಿನ ಬೋಳಾರದಲ್ಲಿ, ಮಂಗಳಾದೇವಿ ದೇವಸ್ಥಾನದಿಂದ ಹೊಳೆಯ ಕಡೆಗೆ ಇಳಿಯುವ ಓಣಿಗಳಲ್ಲಿ ಇಂದಿಗೂ ಕೆಲವು ಹೆಂಚಿನ ಮನೆಗಳು ಉಳಿದಿವೆ. ಅಂಥದೊಂದು ಮನೆಯಿಂದ ಏಪ್ರಿಲ್ ಕೊನೆಯ ಒಂದು ಶನಿವಾರ ತಂದೆ, ಮಗ ಇಬ್ಬರೂ ಸಿಟಿ ಬಸ್ಸು ಹತ್ತಿ ಹಂಪನಕಟ್ಟೆಗೆ ಹೊರಟರು. ಮಗನ ದ್ವಿತೀಯ ಪಿಯುಸಿ ಮುಗಿದಿತ್ತು, ಸಿಇಟಿಯೂ ಆಗಿತ್ತು. ತಂದೆಯ ಬಳಿ 75,000 ರೂಪಾಯಿ ಇತ್ತು. ಮಳೆಗಾಲದೊಳಗೆ ಮಾಡಿನ ಪಕ್ಕಾಸು ಬದಲಿಸಲೆಂದು ಎರಡು ವರ್ಷ ಕೂಡಿಸಿಟ್ಟ ದುಡ್ಡು ಅದು. ಹೊರಡುವಾಗ ತಾಯಿ ಬಾಗಿಲಲ್ಲಿ ನಿಂತು, "ಮಾಡು ಸೋರಿದರೆ ಎಲ್ಲರೂ ಡ್ರಮ್ಮಿನೊಳಗೆ ಕೂತುಕೊಳ್ಳುವುದಾ?" ಎಂದು ಕೇಳಿದ್ದರು. ಅದಕ್ಕೆ ಇಬ್ಬರಲ್ಲೂ ಉತ್ತರವಿರಲಿಲ್ಲ.

ಪೆಟ್ಟಿನ ಸದ್ದು ಈ ಊರಿಗೆ ಹೊಸತಲ್ಲ. ನವರಾತ್ರಿ ಬಂತೆಂದರೆ ಮಂಗಳಾದೇವಿಯಿಂದ ಕುದ್ರೋಳಿಯವರೆಗೆ ಪಿಲಿವೇಷದ ತಾಸೆ, ಡೋಲು ಮೊಳಗುತ್ತವೆ. ದೀಪಾವಳಿಯ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ ರಾತ್ರಿಯೆಲ್ಲ ಚೆಂಡೆ, ಮದ್ದಳೆ. ಕೊಂಕಣಿ ಕ್ರೈಸ್ತರ ಮನೆಗಳ ಗುಮಟೆಯೂ ಉಂಟು. ಮಣ್ಣಿನ ಮಡಕೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಉಡಕ್ಕೆ ದೊರೆತ ಮೇಲೆ ಆಡಿನ ಚರ್ಮ ಬಳಕೆಗೆ ಬಂತು. ಇಷ್ಟೆಲ್ಲ ಇರುವ ಊರಿನ ಹುಡುಗನಿಗೆ ಬೇಕಾದದ್ದು ಮಾತ್ರ ಮೆಟಲ್ ಸಂಗೀತ ನುಡಿಸುವ ಡ್ರಮ್ ಸೆಟ್.

ಮೆಟಲ್ ಎಂದರೇನೆಂದು ಕೇಳುವ ತಂದೆತಾಯಿಗಳಿಗೆ ಒಂದು ಮಾತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ 'ಬ್ಲ್ಯಾಕ್ ಸಬತ್' ತಂಡ 1970ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯಿಂದ ಈ ಬಗೆಯ ಸಂಗೀತದ ಲೆಕ್ಕ ಹಿಡಿಯುವುದು ರೂಢಿ. ಗಿಟಾರಿನ ಭಾರವಾದ ಗರ್ಜನೆ, ಅದರ ಅಡಿಯಲ್ಲಿ ಎಡೆಬಿಡದ ಡ್ರಮ್. 2007ರ ಮಾರ್ಚ್‌ನಲ್ಲಿ 'ಐರನ್ ಮೇಡನ್' ತಂಡವೂ 2011ರ ಅಕ್ಟೋಬರಿನಲ್ಲಿ 'ಮೆಟಾಲಿಕಾ'ವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹೋದ ಹುಡುಗರಿದ್ದರು. ಈ ಹುಡುಗನ ಸೋದರಮಾವ ಅವರಲ್ಲೊಬ್ಬ. ಹುಚ್ಚು ಹತ್ತಿಸಿದವನೂ ಅವನೇ.

ಹಂಪನಕಟ್ಟೆಯ ಬಳಿಯ ವಾದ್ಯದಂಗಡಿಯಲ್ಲಿ ಮಧ್ಯಮ ದರದ ಮೂರು ಸೆಟ್‌ಗಳಿದ್ದವು: ಪರ್ಲ್ ಎಕ್ಸ್‌ಪೋರ್ಟ್, ಟಾಮಾ ಇಂಪೀರಿಯಲ್‌ಸ್ಟಾರ್, ಯಮಾಹಾ ಸ್ಟೇಜ್ ಕಸ್ಟಮ್. ಮೂರೂ ಅರ್ಧ ಲಕ್ಷಕ್ಕೆ ಮೇಲೆ, ಒಂದು ಲಕ್ಷಕ್ಕೆ ಒಳಗೆ. 'ಐದು ಪೀಸ್' ಎಂದರೆ ಐದು ಡ್ರಮ್ ಎಂದಷ್ಟೇ ಅರ್ಥ: ಕಾಲಿನಿಂದ ಬಾರಿಸುವ ಬೇಸ್ ಡ್ರಮ್, ತೊಡೆಗಳ ನಡುವೆ ಸ್ನೇರ್, ಮೂರು ಟಾಮ್. ಕಂಚಿನ ತಾಳಗಳು, ಅಂದರೆ ಸಿಂಬಲ್‌ಗಳು, ಈ ಲೆಕ್ಕದಲ್ಲಿ ಬರುವುದಿಲ್ಲ. ಎಷ್ಟೋ ಸೆಟ್‌ಗಳ ಬೆಲೆಯಲ್ಲೂ ಬರುವುದಿಲ್ಲ. ಕೊಳ್ಳುವವರು ಮೊದಲು ಕೇಳಬೇಕಾದದ್ದು ಇದನ್ನೇ. ಕೇಳದೆ ದುಡ್ಡು ಕೊಟ್ಟು ಮನೆಗೆ ಬಂದು ತಲೆ ಕೆರೆದುಕೊಂಡವರು ಬಹಳ ಮಂದಿ.

"ನನಗೆ ಡಬಲ್ ಪೆಡಲ್ ಬೇಕು ಅಪ್ಪ. ಅದಿಲ್ಲದೆ ಮೆಟಲ್ ಆಗುವುದಿಲ್ಲ."

"ಒಂದು ಕಾಲಿನಲ್ಲಿ ಮೊದಲು ಬಾರಿಸು ಮಾರಾಯ. ಇನ್ನೊಂದು ಕಾಲು ಎಲ್ಲಿಗೂ ಓಡಿ ಹೋಗುವುದಿಲ್ಲ."

ತಂದೆ ಹೇಳಿದ್ದು ತಮಾಷೆಗಾದರೂ ಅದರಲ್ಲಿ ಹುರುಳಿತ್ತು. 1982ರಿಂದ ಐರನ್ ಮೇಡನ್ ತಂಡದ ಡ್ರಮ್ಮರ್ ಆಗಿದ್ದು, 2024ರ ಡಿಸೆಂಬರಿನಲ್ಲಿ ಪ್ರವಾಸಗಳಿಂದ ನಿವೃತ್ತಿ ಹೊಂದಿದ ನಿಕೊ ಮೆಕ್‌ಬ್ರೈನ್ ಒಂದೇ ಕಾಲಿನ, ಒಂದೇ ಪೆಡಲಿನ ವೇಗಕ್ಕೆ ಹೆಸರಾದವರು. ಆದರೂ ಈಚಿನ ಮೆಟಲ್‌ಗೆ ಎರಡು ಕಾಲೂ ಬೇಕೆಂಬುದು ಸುಳ್ಳಲ್ಲ. ನಿಮಿಷಕ್ಕೆ 200 ತಾಳದ ಗತಿಯಲ್ಲಿ ಒಂದು ತಾಳಕ್ಕೆ ನಾಲ್ಕು ಪೆಟ್ಟೆಂದರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಪೆಟ್ಟು. ಎರಡು ಪೆಟ್ಟುಗಳ ನಡುವಿನ ಬಿಡುವು ಸೆಕೆಂಡಿನ ಸಾವಿರದಲ್ಲಿ 75 ಪಾಲು ಮಾತ್ರ. ಮೊದಲ ಪೆಟ್ಟಿನ ಗುಂಯ್‌ಗುಡುವಿಕೆ ಅಡಗುವ ಮೊದಲೇ ಮುಂದಿನದು ಬಿದ್ದರೆ ಕೇಳಿಸುವುದು ಲಯವಲ್ಲ, ಲಾರಿಯ ಎಂಜಿನ್. ಹಾಗಾಗಿ ಮೆಟಲ್‌ಗೆ ಬೇಕಾದ ಬೇಸ್ ಡ್ರಮ್ 'ಟಪ್' ಎಂದು ಸ್ಪಷ್ಟವಾಗಿ ಹೊಡೆದು ಬೇಗ ಸುಮ್ಮನಾಗಬೇಕು. 22 ಅಂಗುಲದ ಬೇಸ್ ಡ್ರಮ್ಮಿನೊಳಗೆ ಮಡಚಿದ ಕಂಬಳಿಯೊಂದನ್ನು ಮುಚ್ಚಿಗೆಗೆ ತಾಗುವಂತೆ ಇಟ್ಟರೆ ಈ ಕೆಲಸ ಮುಕ್ಕಾಲುಪಾಲು ಆಗುತ್ತದೆ. ಕಂಬಳಿಗೇನೂ ಹೆಚ್ಚಿನ ಖರ್ಚಿಲ್ಲ.

ಹುಡುಗನ ಕಣ್ಣು ಯಮಾಹಾದ ಮೇಲಿತ್ತು. ಅದರ ಮೈ ಪೂರ್ತಿ ಬರ್ಚ್ ಮರದ ಪದರಗಳದು. ಬರ್ಚ್ ಎಂದರೆ ಹಿಂದಿನವರು ತೊಗಟೆಯ ಮೇಲೆ ಬರೆಯುತ್ತಿದ್ದ ನಮ್ಮ ಭೂರ್ಜವೃಕ್ಷದ ಬಳಗದ್ದೇ. ಪೆಟ್ಟಿನ ಮೊನೆ ಚೆನ್ನಾಗಿ ಕೇಳಿಸುವ, ಬೇಗ ಅಡಗುವ ನಾದ ಅದಕ್ಕಿದೆ ಎಂಬುದು ನುಡಿಸುವವರ ಅನುಭವ. ಟಾಮಾದ್ದು ಪಾಪ್ಲರ್, ಪರ್ಲ್‌ನದು ಪಾಪ್ಲರ್ ಮತ್ತು ಮಹಾಗನಿ ಜಾತಿಯ ಮರ ಸೇರಿದ್ದು. ಪರ್ಲ್‌ನವರ ಎಕ್ಸ್‌ಪೋರ್ಟ್ ಮೊದಲು ಬಂದದ್ದು 1982ರಲ್ಲಿ. ಎಷ್ಟು ಜನ ಕಲಿತರೋ ಅದರಲ್ಲಿ. ಬರ್ಚ್ ಸೆಟ್ ಕೊಂಡರೆ ಕಿಸೆಯಲ್ಲಿ ಸಿಂಬಲ್‌ಗೂ ಉಳಿಯುವುದಿಲ್ಲ, ಪಕ್ಕಾಸಿನ ಮಾತಂತೂ ಬೇಡ.

ಇಲ್ಲಿ ತಂದೆ ಒಂದು ಕೆಲಸ ಮಾಡಿದರು. ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಅವರು ಹುಡುಗನಾಗಿದ್ದಾಗ ಹವ್ಯಾಸಿ ಸಂಘದಲ್ಲಿ ಮದ್ದಳೆ ಕಲಿತವರು. ಮೂರೂ ಸೆಟ್‌ಗಳ ಟಾಮ್‌ಗಳ ಅಂಚಿನಲ್ಲಿ, ಪ್ರತಿ ತಿರುಪಿನ ಎದುರು ಒಂದೊಂದು ಅಂಗುಲ ಒಳಗೆ ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಬರ್ಚ್ ಸೆಟ್ಟಿನ ತಿರುಪುಗಳು ಒಂದೊಂದು ಶ್ರುತಿಯಲ್ಲಿದ್ದವು. ಅಂಗಡಿಯವರಿಂದ ಕೀಲಿ ಕೇಳಿ ಪಡೆದು, ಎದುರುಬದುರಿನ ತಿರುಪುಗಳನ್ನು ಜೋಡಿ ಜೋಡಿಯಾಗಿ ಬಿಗಿ ಮಾಡಿ ಪಾಪ್ಲರ್ ಟಾಮ್ ಒಂದನ್ನು ಹದಕ್ಕೆ ತಂದರು. ಮಗನಿಗೆ ಕಣ್ಣು ಮುಚ್ಚಲು ಹೇಳಿ ಎರಡನ್ನೂ ಬಾರಿಸಿದರು. ಅವನು ಒಳ್ಳೆಯದೆಂದು ಕೈ ತೋರಿಸಿದ್ದು ಪಾಪ್ಲರ್ ಕಡೆಗೆ.

"ಸರ್, ನೀವು ಎಲ್ಲಿ ನುಡಿಸುತ್ತೀರಿ?" ಎಂದು ಅಂಗಡಿಯವರು ಕೇಳಿದರು.

ಮದ್ದಳೆಯ ಕಿವಿ ಡ್ರಮ್ಮಿಗೂ ಒದಗುವುದರಲ್ಲಿ ಆಶ್ಚರ್ಯವಿಲ್ಲವಾದರೂ ಎರಡಕ್ಕೂ ದೊಡ್ಡದೊಂದು ವ್ಯತ್ಯಾಸವಿದೆ. ಒಂದೇ ದಪ್ಪದ ಉರುಟು ಮುಚ್ಚಿಗೆಯಲ್ಲಿ ಏಳುವ ಮೇಲಿನ ಸ್ವರಗಳು ಮೂಲದ 1.59, 2.14, 2.30 ಪಟ್ಟು, ಹೀಗೆ ಅಡ್ಡಾದಿಡ್ಡಿ. ಮೃದಂಗದ ನಡುವಿನ ಕಪ್ಪು ಲೇಪ ಅವನ್ನು 2, 3, 4 ಪಟ್ಟಿನ ಹತ್ತಿರಕ್ಕೆ ಎಳೆದು ತಂದು ನಾದವನ್ನು ಸ್ವರವಾಗಿಸುತ್ತದೆ. ಸಿ.ವಿ. ರಾಮನ್ ಇದನ್ನು ಕುರಿತು 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಡ್ರಮ್ಮಿಗೆ ಆ ಲೇಪವಿಲ್ಲ. ಅದರ ನಾದವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮುಚ್ಚಿಗೆ ಮತ್ತು ಅದರ ಬಿಗಿ. ಮರದ ಹೆಸರು ಆಮೇಲೆ. ಮೆಟಲ್‌ನ ಹೊಡೆತಕ್ಕೆ ಎರಡು ಪದರದ ಮುಚ್ಚಿಗೆ ಒಳ್ಳೆಯದು.

ಅಂಗಡಿಯಿಂದ ಹೊರಬಿದ್ದು ಮಿಲಾಗ್ರಿಸ್ ಇಗರ್ಜಿಯ ಪಕ್ಕದಿಂದ ಫಳ್ನೀರ್ ರಸ್ತೆ ಹಿಡಿದು ಇಬ್ಬರೂ ಕಂಕನಾಡಿಯವರೆಗೆ ನಡೆದರು. ಮದುವೆ, ರೋಸ್ ಸಮಾರಂಭಗಳ ಬ್ಯಾಂಡಿನಲ್ಲಿ ಬಹಳ ವರ್ಷ ನುಡಿಸಿದ ಹಿರಿಯರೊಬ್ಬರು ಅಲ್ಲಿ ಹಳೆಯ ಸಿಂಬಲ್ ಮಾರುತ್ತಾರೆಂದು ಸೋದರಮಾವ ಹೇಳಿದ್ದ. ಅವರ ಚಾವಡಿಯಲ್ಲಿದ್ದ ಹಳೆಯ ಸೆಟ್ಟೇ ಆ ದಿನದ ದೊಡ್ಡ ಪಾಠ. ಮುಚ್ಚಿಗೆಗಳಿಗೆ ಏನೂ ಆಗಿರಲಿಲ್ಲ. 1957ರ ಸುಮಾರಿಗೆ ಅಮೆರಿಕದಲ್ಲಿ ಕರುವಿನ ಚರ್ಮದ ಬದಲು ಪಾಲಿಯೆಸ್ಟರ್ ಹಾಳೆ ಬಂದಮೇಲೆ ಡ್ರಮ್ಮಿಗೆ ಥಂಡಿ ಹಿಡಿದು ಸಡಿಲವಾಗುವ, ಚರ್ಮದ ತಾಸೆಯಂತೆ ಬೆಂಕಿಯ ಕಾವಿಗೆ ಹಿಡಿಯಬೇಕಾದ ತಾಪತ್ರಯ ತಪ್ಪಿತು. ಆದರೆ ತಿರುಪುಗಳು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಪೆಡಲಿನ ಸ್ಪ್ರಿಂಗ್ ತುಂಡಾಗಿತ್ತು. ಬೇಸ್ ಡ್ರಮ್ಮಿನ ಒಳಮೈಯ ಪದರ ಒಂದು ಕಡೆ ಎದ್ದಿತ್ತು.

"ಉಪ್ಪುಗಾಳಿ. ಮೇಲೆ ಮಾಡು ಸೋರ್ತಿತ್ತು," ಎಂದರು ಹಿರಿಯರು. "ನಾನು ಬಟ್ಟೆ ಮುಚ್ಚಿ ಇಟ್ಟಿದ್ದೆ. ಬಟ್ಟೆಯೇ ಒದ್ದೆ ಹಿಡಿದುಕೊಂಡಿತು."

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಜುಲೈಯಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸಿರುವ ಊರು ಇದು. ಹೊರದೇಶದಲ್ಲಿ ಅಚ್ಚಾದ ಡ್ರಮ್ ಪುಸ್ತಕಗಳು ಈ ಊರಿಗಾಗಿ ಬರೆದವಲ್ಲ. ತಿಂಗಳಿಗೊಮ್ಮೆ ತಿರುಪುಗಳಿಗೆ ಒಂದು ಹನಿ ಎಣ್ಣೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸುವುದು, ಗೋಡೆಗೆ ತಾಗಿಸದೆ ಇಡುವುದು, ಎಲ್ಲಕ್ಕಿಂತ ಮೊದಲು ಸೋರದ ಕೋಣೆ. ತಂದೆ ಆ ಬೇಸ್ ಡ್ರಮ್ಮಿನೊಳಗೆ ಕೈಯಾಡಿಸುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಹಿರಿಯರಿಂದ ಒಂದು ಜೋಡಿ ಹೈ-ಹ್ಯಾಟ್, ಒಂದು ಕ್ರ್ಯಾಶ್ ಕೊಂಡದ್ದಾಯಿತು. ಅಂಚಿನಲ್ಲೂ ನಡುವಿನ ತೂತಿನ ಸುತ್ತಲೂ ಉಗುರಾಡಿಸಿ ಸೀಳಿಲ್ಲವೆಂದು ನೋಡಿಕೊಂಡರು. ಹಿತ್ತಾಳೆಯ ಸಿಂಬಲ್ ಹೊಸತಾದರೂ ಬೇಡ, ಕಂಚಿನದು ಹಳೆಯದಾದರೂ ಆದೀತು. ಶೇಕಡಾ 20 ತವರ ಬೆರೆತ ಒಳ್ಳೆಯ ಸಿಂಬಲ್ಲಿನ ಕಂಚು ದೇವಸ್ಥಾನದ ಗಂಟೆಯ ಕಂಚಿಗೆ ಬಲು ಹತ್ತಿರ.

ಮರಳುವಾಗ ಬಸ್ಸಿನಲ್ಲಿ ಮಗನೇ ಬಾಯಿಬಿಟ್ಟ. "ಅಪ್ಪ, ಪಾಪ್ಲರ್ ಸೆಟ್ ಸಾಕು. ಸಿಂಗಲ್ ಪೆಡಲ್ ಸಾಕು. ಉಳಿದದ್ದರಲ್ಲಿ ಪಡು ಕೋಣೆಯ ಪಕ್ಕಾಸು ಆಗ್ತದಾ?"

ಒಂದು ಕೋಣೆಯ ಪಕ್ಕಾಸಿಗೆ ಸಾಲುವಷ್ಟು ಉಳಿಯಿತು. ಉಳಿದ ಮನೆಯ ಮಾಡು ಮುಂದಿನ ವರ್ಷಕ್ಕೆ ಹೋಯಿತು. ತಾಯಿಗೆ ಇದು ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾಗದು. ಅವರದೂ ಒಂದು ಶರತ್ತು: ಅಡಿಗೆಮನೆಯಲ್ಲಿ ಸೋರುವ ಕಡೆ ಪಾತ್ರೆ ಇಡುವ ಕೆಲಸ ಮಗನದು.

ಇನ್ನು ಸದ್ದಿನ ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ನಿರ್ಬಂಧವನ್ನು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ವಸತಿ ಪ್ರದೇಶಕ್ಕೆ ಅವು ಗೊತ್ತುಮಾಡಿದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಡ್ರಮ್ ಸುಲಭವಾಗಿ 100 ದಾಟುತ್ತದೆ. ಹೆಂಚಿನ ಮಾಡಿನ ಸಂದಿಗಳಿಂದ ಅದು ಇಡೀ ಓಣಿಗೆ ಕೇಳುತ್ತದೆ. ನುಡಿಸುವವನ ಕಿವಿಯ ಗತಿ ಇನ್ನೂ ಕಷ್ಟ: 85 ಡೆಸಿಬೆಲ್ ದಿನಕ್ಕೆ ಎಂಟು ಗಂಟೆ ತಡೆಯಬಹುದಾದರೆ, ಅದೇ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಸಿಗುವುದು ಕಾಲು ಗಂಟೆ. ಹತ್ತಿ ತುರುಕಿದರೆ ಸಾಲದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮ್ ಬಿರಟೆ ಬೇಕು. ತಂದೆ ಅದನ್ನು ಹಾಕದ ದಿನ ಕೀಲಿ ಕೊಡುವುದಿಲ್ಲವೆಂದರು, ಸಂಜೆ 5ರಿಂದ ಒಂದು ಗಂಟೆ ಎಂದು ಹೊತ್ತೂ ಗೊತ್ತು ಮಾಡಿದರು. ಫ್ಲ್ಯಾಟಿನಲ್ಲಿರುವವರು ಎಲೆಕ್ಟ್ರಾನಿಕ್ ಸೆಟ್ಟಿನ ಮೊರೆ ಹೋಗುವುದುಂಟು. ಪೆಡಲಿನ ದಡಬಡ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆಂಬುದನ್ನು ಅವರು ಮರೆಯಬಾರದು.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ವಾರವೇ ಬೋಳಾರದ ಓಣಿಗೆ ಗೂಡ್ಸ್ ಟೆಂಪೊ ಬಂತು. ಪಡು ಕೋಣೆಯಲ್ಲಿ ಹೊಸ ಪಕ್ಕಾಸಿನ ವಾಸನೆ ಇನ್ನೂ ಹೋಗಿರಲಿಲ್ಲ. ತಂದೆ ಕೀಲಿ ಹಿಡಿದು ಟಾಮ್‌ಗಳನ್ನು ಹದ ಮಾಡಿದರು. ಮಗ ಬೇಸ್ ಡ್ರಮ್ಮಿನೊಳಗೆ ಕಂಬಳಿ ಮಡಚಿಟ್ಟ. ಐದು ಗಂಟೆಗೆ ಮೊದಲ ಪೆಟ್ಟು ಬಿದ್ದಾಗ ಹೊರಗೆ ಮಳೆ ಹನಿಯತೊಡಗಿತ್ತು. ಪಕ್ಕದ ಮನೆಯ ಅಜ್ಜಿ ಜಗಲಿಗೆ ಬಂದು ಕೂಗಿ ಕೇಳಿದರು:

"ನವರಾತ್ರಿ ಇನ್ನೂ ದೂರ ಉಂಟಲ್ಲ, ನಿಮ್ಮಲ್ಲಿ ಊದುಪೂಜೆ ಈಗಲೇ ಆಯ್ತಾ?"